ಎಡಕ್ಕೆ ತಿರುಚಿದ ತಂತಿ

ಮಾರ್ಚ್ 3, ಸೋಮವಾರ

ಬ್ಯಾಟರಿ ಕಂಪನಿಯವರು ವರ್ಷವರ್ಷ ಕೊಡುವ ಡೈರಿ ಇದು. ಇಷ್ಟು ದಿನ ಇದರ ಹಾಳೆ ಹರಿದು ಕೈ ಒರೆಸಿಕೊಂಡದ್ದೇ ಹೆಚ್ಚು. ಈಗ ಒಬ್ಬ ಹೆಂಗಸಿನ ಹಠಕ್ಕೆ ಬರೆಯಬೇಕಾಗಿ ಬಂದಿದೆ.

ಆಕೆ ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುತ್ತಾರೆ. ಆಕೆಯ ಕಾರಿಗೆ ಇಪ್ಪತ್ತೆರಡು ವರ್ಷ ವಯಸ್ಸು. ಹತ್ತು ಸಲ ಕೀ ತಿರುಗಿಸಿದರೆ ಒಂಬತ್ತು ಸಲ ಸ್ಟಾರ್ಟ್ ಆಗುತ್ತದೆ, ಹತ್ತನೆಯ ಸಲ ಟಕ್ಕೆನ್ನುವ ಸದ್ದೂ ಇಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆನ್ನುವಂತೆ ಹೊರಡುತ್ತದೆ. ನನ್ನ ಅಂಗಡಿಯ ಮುಂದೆ ಇಪ್ಪತ್ತು ಸಲ ತಿರುಗಿಸಿದೆ, ಇಪ್ಪತ್ತು ಸಲವೂ ಸ್ಟಾರ್ಟ್ ಆಯಿತು. ಡಾಕ್ಟರ ಬಾಗಿಲಿಗೆ ಬಂದೊಡನೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

“ಮೇಸ್ತ್ರಿ, ಬಂದು ಹೋಗೋ ಜ್ವರಕ್ಕೆ ನಾವು ಚಾರ್ಟ್ ಬರೀತೀವಿ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಏನಾಗಿತ್ತು, ಎಲ್ಲಾ. ನಾನು ಬರೀತೀನಿ. ನೀವೂ ಏನೇನು ಮಾಡಿದ್ರಿ ಅಂತ ಬರೀರಿ” ಎಂದರು.

ಮೂವತ್ತು ವರ್ಷದಿಂದ ಗಾಡಿಗಳ ಕರೆಂಟು ಕೆಲಸ ಮಾಡುತ್ತಿದ್ದೇನೆ. ಎಡಚ ಮೇಸ್ತ್ರಿ ಎಂದರೆ ಮೂರು ರಸ್ತೆ ಆಚೆಯವರೂ ನನ್ನ ಅಂಗಡಿಗೇ ದಾರಿ ತೋರಿಸುತ್ತಾರೆ. ನನಗೆ ಚಾರ್ಟು! ಆದರೂ ಸರಿ ಎಂದೆ.

ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದೆ. ವೈರುಗಳ ಗೊಂಚಲು. ಎಂಟು ವರ್ಷದ ಹಿಂದೆ ಆಕೆ ಈ ಕಾರು ಕೊಂಡಾಗ ಮಂಜಿನ ದೀಪ, ಹಾರ್ನು ಎಲ್ಲ ನಮ್ಮ ಅಂಗಡಿಯಲ್ಲೇ ಹಾಕಿಸಿದ್ದು. ಆಗ ನನ್ನ ಹತ್ತಿರ ಹೆಂಡತಿಯ ತಮ್ಮ, ಆ ಆಮೆ, ಕೆಲಸಕ್ಕಿದ್ದ. ಒಂದು ಜಾಯಿಂಟಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದನೆಂದು ಆ ಹೆಸರು ನಾನೇ ಇಟ್ಟದ್ದು. ಆಮೇಲೆ ಬೀದಿಯೆಲ್ಲ ಹಾಗೇ ಕರೆಯಿತು.

“ಇದು ನನ್ನ ಬಾಮೈದನ ಕೈಚಳಕ ಸಿಸ್ಟರ್. ಅವನನ್ನ ಕಳಿಸಿ ಆರು ವರ್ಷ ಆಯ್ತು, ಅವನು ಮಾಡಿಟ್ಟಿದ್ದು ಇನ್ನೂ ಕಾಡ್ತಾ ಇದೆ” ಎಂದೆ.



ಬ್ಯಾಟರಿ ಸರಿಯಿದೆ. ಟರ್ಮಿನಲ್‌ಗಳನ್ನು ಉಜ್ಜಿ ಬಿಗಿ ಮಾಡಿ ಕಳಿಸಿದೆ.

ಮಾರ್ಚ್ 5, ಬುಧವಾರ

ಮತ್ತೆ ಕೈಕೊಟ್ಟಿತಂತೆ. ಸ್ಟಾರ್ಟರ್ ಮೋಟಾರನ್ನೇ ಇಳಿಸಿ ಬಿಚ್ಚಿದೆ. ಒಳಗಿನ ಕಾರ್ಬನ್ ಸವೆದಿತ್ತು. ನೋಡಿದೊಡನೆ ಗೊತ್ತಾಯಿತು, ಕಳ್ಳ ಇವನೇ ಎಂದು. ಹೊಸದು ಹಾಕಿದೆ. “ಇನ್ನು ಹತ್ತು ವರ್ಷ ನನ್ನ ಮುಖ ನೋಡೋ ಹಾಗಿಲ್ಲ ನೀವು” ಎಂದು ಹೇಳಿ ಕಳಿಸಿದೆ. ಎದುರಿನ ಟೈರ್ ಅಂಗಡಿಯವನೂ ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಹೋದ ತಿಂಗಳಿನಿಂದ ಕೈಕೊಟ್ಟದ್ದನ್ನೆಲ್ಲ ನೆನಪಿಸಿಕೊಂಡು ಬರೆದು, ಚಾರ್ಟು ಎಂದು ಒಂದು ಹಾಳೆ ಕೊಟ್ಟು ಹೋಗಿದ್ದಾರೆ. ಸ್ಪ್ಯಾನರ್ ಡಬ್ಬದಲ್ಲಿಟ್ಟಿದ್ದೇನೆ.

ಮಾರ್ಚ್ 8, ಶನಿವಾರ

ಮತ್ತೆ ಬಂದರು. ಹತ್ತು ವರ್ಷವಲ್ಲ, ಮೂರು ದಿನ. ಟೈರಿನವನು ಕೆಮ್ಮಿದ. ಅದು ಕೆಮ್ಮಲ್ಲ.

ಕೀ ಹಾಕುವ ಸ್ವಿಚ್ಚನ್ನೇ ಬದಲಾಯಿಸಿದೆ. ಇದಲ್ಲದೆ ಇನ್ನೇನೂ ಇರಲು ಸಾಧ್ಯವಿಲ್ಲ.

ಮಾರ್ಚ್ 12, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಸಿಸ್ಟರ್ ನಡೆದುಕೊಂಡು ಬಂದರು. ಕಾರು ಊರಾಚೆಯ ಒಂದು ಬಡಾವಣೆಯಲ್ಲಿ ನಿಂತಿತ್ತು. ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೊರಟಾಗ ಸ್ಟಾರ್ಟ್ ಆಗಲಿಲ್ಲ, ಅರ್ಧ ಗಂಟೆ ಕಾದರೂ ಆಗಲಿಲ್ಲ. ಆ ಇನ್ನೊಂದು ಮನೆಯಲ್ಲಿ ಗಂಟಲಿನ ಕ್ಯಾನ್ಸರಿನ ಮುದುಕರೊಬ್ಬರಿದ್ದಾರೆ. ಹನ್ನೊಂದು ಗಂಟೆಗೆ ಸರಿಯಾಗಿ ಅವರಿಗೆ ನೋವಿನ ಇಂಜೆಕ್ಷನ್. ಆ ಕಡೆ ಬೇರೆ ಗಾಡಿ ಸಿಕ್ಕದೆ ಆಕೆ ಅಲ್ಲಿಗೆ ಮುಟ್ಟಿದಾಗ ಒಂದು ಗಂಟೆ.

“ಬೈಯೋಕೆ ಬಂದಿಲ್ಲ ಮೇಸ್ತ್ರಿ” ಎಂದರು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನೀರು ಕೇಳಿ ಕುಡಿದರು. “ಅವರ ಮಗಳು ಬಾಗಿಲಲ್ಲೇ ನಿಂತಿದ್ಲು. ಅಪ್ಪ ಬೆಡ್‌ಶೀಟ್ ಕಚ್ಕೊಂಡಿದ್ದಾರೆ ಅಂದ್ಲು, ಅಷ್ಟೇ. ಇಂಜೆಕ್ಷನ್ ಕೊಟ್ಟ ಮೇಲೂ ಬಾಯಿಂದ ಬಟ್ಟೆ ಬಿಡಿಸೋಕೆ ಕಷ್ಟ ಆಯ್ತು.”

ಸ್ಪ್ಯಾನರ್ ಡಬ್ಬ ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ.

“ನಾನು ಕೊಟ್ಟ ಚಾರ್ಟ್ ನೋಡಿದ್ರಾ?” ಎಂದು ಕೇಳಿದರು.

ನೋಡಿದೆ ಎಂದೆ. ನೋಡಿರಲಿಲ್ಲ. ಅವರು ಹೋದ ಮೇಲೆ ತೆಗೆದು ಓದಿದೆ. ಎಂಟು ಸಲ ಕೈಕೊಟ್ಟದ್ದರಲ್ಲಿ ಏಳು ಸಲ ಕಾರು ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಂತಿತ್ತು. ಮುದ್ದಾದ ಅಕ್ಷರದಲ್ಲಿ ಬರೆದು, ‘ಬಿಸಿಲು’ ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದರು. ಒಂದು ವಾರದಿಂದ ಅದು ಡಬ್ಬದಲ್ಲಿ ಗ್ರೀಸು ಕುಡಿಯುತ್ತಾ ಬಿದ್ದಿತ್ತು.

ಮಾರ್ಚ್ 13, ಗುರುವಾರ

ಇವತ್ತು ಏನನ್ನೂ ಬದಲಾಯಿಸಲಿಲ್ಲ. ಸ್ಟಾರ್ಟರಿಗೆ ಕೀಯಿಂದ ಹೋಗುವ ವೈರಿನ ಕೊನೆಗೆ ಇನ್ನೊಂದು ಉದ್ದದ ವೈರು ಸೇರಿಸಿ, ಕಾರಿನೊಳಗೆ ಡ್ರೈವರ್ ಮುಂದೆ ಒಂದು ಸಣ್ಣ ಬಲ್ಬು ಕಟ್ಟಿದೆ. ಕಾರು ಕೈಕೊಟ್ಟಾಗ ಬಲ್ಬು ಉರಿದರೆ ಸ್ಟಾರ್ಟರ್‌ನದೇ ತಪ್ಪು. ಉರಿಯದಿದ್ದರೆ ಕರೆಂಟು ಅಲ್ಲಿಗೆ ತಲುಪುತ್ತಿಲ್ಲ, ತಪ್ಪು ವೈರಿನಲ್ಲಿದೆ.

ಮನೆಯಲ್ಲಿ ಹೆಂಡತಿಗೆ ಇದನ್ನು ವಿವರಿಸಿದೆ. ಹೊಲಿಗೆ ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತಾ, “ತಮ್ಮ ಇದ್ದಿದ್ರೆ ಮೊದಲನೇ ದಿನಾನೇ ಇದನ್ನ ಮಾಡ್ತಿದ್ದ” ಎಂದಳು.

“ಎಲ್ಲದಕ್ಕೂ ಅವನನ್ನ ಯಾಕೆ ಎಳೀತೀಯ?”

“ಎಳೀಲಿಲ್ಲಪ್ಪ. ನೆನಪಾಯ್ತು, ಅಂದೆ.”

ನಿಜ, ಆಮೆ ಹೀಗೇ ಮಾಡುತ್ತಿದ್ದ. ನಾನು ನಗುತ್ತಿದ್ದೆ.

ಮಾರ್ಚ್ 17, ಸೋಮವಾರ

ಬಲ್ಬು ಉರಿಯಲಿಲ್ಲ. ವೈರಿನ ಜಾಡನ್ನೇ ಹಿಡಿದು ಹೋದೆ. ಜಾಯಿಂಟು ಸಿಕ್ಕಿತು. ಸರಿ ಮಾಡಿದೆ.

ನನ್ನದೇ.

ಮಾರ್ಚ್ 18, ಮಂಗಳವಾರ

ನಿನ್ನೆ ಅಷ್ಟು ಬರೆದು ಮುಚ್ಚಿಟ್ಟೆ. ಇವತ್ತು ಅಂಗಡಿಗೆ ಬೇಗ ಬಂದು ಕೂತಿದ್ದೇನೆ.

ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿ, ಕೀಯ ಹಿಂದಿನಿಂದ ಒಂದೊಂದೇ ಗೇಣು ಬೆರಳಾಡಿಸುತ್ತಾ ಹೋದೆ. ಒಂದು ಕಡೆ ಬಟ್ಟೆಯ ಟೇಪು ಸುತ್ತಿದ ಗಂಟು ಸಿಕ್ಕಿತು. ಬಿಸಿಲಿಗೆ ಅಂಟು ಕರಗಿ ಜಿಗುಟಾಗಿತ್ತು. ಬಿಚ್ಚಿದರೆ ಒಳಗೆ ತಂತಿ ಹಸಿರು ಹಿಡಿದು ಪುಡಿಯಾಗಿ ಉದುರಿತು. ಎಂಟು ವರ್ಷದ ಹಿಂದೆ, ಕಳ್ಳರು ಕಾರು ಒಯ್ಯದಿರಲೆಂದು ಸಿಸ್ಟರ್ ಸೀಟಿನ ಕೆಳಗೆ ಒಂದು ಗುಪ್ತ ಸ್ವಿಚ್ಚು ಹಾಕಿಸಿಕೊಂಡಿದ್ದರು. ಅದಕ್ಕಾಗಿ ವೈರು ಕತ್ತರಿಸಿ ಸೇರಿಸಿದ ಜಾಗ. ಬೆಸುಗೆ ಇಲ್ಲ, ಬರೀ ಹೊಸೆದು ಟೇಪು ಸುತ್ತಿದ್ದು. ಕಾರು ಕಾದಾಗ ತಂತಿಯ ಹಿಡಿತ ಸಡಿಲವಾಗುತ್ತಿತ್ತು, ತಣಿದಾಗ ಕೂಡಿಕೊಳ್ಳುತ್ತಿತ್ತು.

ಅದರ ಪಕ್ಕದಲ್ಲೇ ಆಮೆಯ ಮೂರು ಜಾಯಿಂಟುಗಳು. ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ನಿನ್ನೆ ಮಾಡಿದ ಹಾಗಿದ್ದವು. ಎಳೆದು ನೋಡಿದೆ. ಅಲುಗಲಿಲ್ಲ.

ಕೆಟ್ಟುಹೋದದ್ದು ಅವನದಿರಬಹುದೆಂದು ಒಂದು ಕ್ಷಣ ನನಗೆ ನಾನೇ ಹೇಳಿಕೊಂಡೆ. ಆದರೆ ತಂತಿ ಸುಳ್ಳು ಹೇಳಲು ಬಿಡಲಿಲ್ಲ. ಬಲಗೈಯವರು ಹೊಸೆದರೆ ಸುರುಳಿ ಒಂದು ಕಡೆಗೆ ಓಡುತ್ತದೆ, ನನ್ನ ಕೈಯದು ಅದಕ್ಕೆ ತಿರುಗುಮುರುಗು. ಈ ಊರಿನಲ್ಲಿ ಈ ಕೆಲಸ ಮಾಡುವ ಎಡಗೈಯವನು ನಾನೊಬ್ಬನೇ.

ಸಿಸ್ಟರ್ ಬಂದಾಗ, “ಸಿಕ್ತಾ? ಯಾರು ಮಾಡಿದ್ದಂತೆ?” ಎಂದರು.

“ಹಳೇ ಜಾಯಿಂಟು, ಸಿಸ್ಟರ್” ಎಂದೆ. ಹಳೆಯದು ಎಂದಷ್ಟೇ. ಆಕೆಗೆ ನನ್ನ ಬಾಮೈದನದೇ ಎಂದು ಅರ್ಥವಾಯಿತು. ಆಗಲಿ ಎಂದೇ ಹಾಗೆ ಹೇಳಿದ್ದು.

ಮಾರ್ಚ್ 20, ಗುರುವಾರ

ಕೆಲಸಕ್ಕೆ ಕೈ ಓಡುತ್ತಿಲ್ಲ. ತಲೆಯಲ್ಲಿ ಶಾಲೆಯ ವ್ಯಾನೇ ಓಡುತ್ತಿದೆ.

ಆರು ವರ್ಷದ ಹಿಂದೆ ಆ ವ್ಯಾನಿನ ವೈರಿಂಗನ್ನೆಲ್ಲ ನಾವೇ ಹೊಸದಾಗಿ ಮಾಡಿದ್ದೆವು. ವಾರದೊಳಗೆ ರಸ್ತೆಯಲ್ಲೇ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದು ಬೆಂಕಿ ಹತ್ತಿತು. ಹನ್ನೊಂದು ಮಕ್ಕಳಿದ್ದರು. ಡ್ರೈವರ್ ಬಾಗಿಲು ಒದ್ದು ತೆಗೆದು ಎಲ್ಲರನ್ನೂ ಇಳಿಸಿದ. ಮಕ್ಕಳಿಗೆ ಏನೂ ಆಗಲಿಲ್ಲ. ಅವನ ಬಲಗೈ ಬೆಂದುಹೋಯಿತು. ಮರುದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಅಂಗಡಿಗೆ ಬಂದು, “ಯಾರು ಮಾಡಿದ್ದು ಇದನ್ನ?” ಎಂದು ಕೂಗಿದ. ಬೀದಿಯೆಲ್ಲ ಸೇರಿತ್ತು. ನಾನು ಬಾಮೈದನ ಕಡೆ ತೋರಿಸಿದೆ. ಡ್ರೈವರ್ ಎಡಗೈಯಲ್ಲಿ ಅವನ ಕೆನ್ನೆಗೆ ಹೊಡೆದ. ಅವನು ತಲೆ ತಗ್ಗಿಸಿ ನಿಂತ. ಆ ವಾರವೇ ಕಳಿಸಿಬಿಟ್ಟೆ.

ವೈರೆಲ್ಲ ಸುಟ್ಟು ಕರಕಲಾಗಿತ್ತು. ಯಾವುದು ಯಾರ ಜಾಯಿಂಟು ಎಂದು ಗೊತ್ತಾಗುವ ಹಾಗಿರಲಿಲ್ಲ. ಹೆಚ್ಚು ಕೆಲಸ ಮಾಡಿದ್ದು ಅವನು, ಹಾಗಾಗಿ ಅವನದೇ ಎಂದುಕೊಂಡೆ. ಯಾರೇ ಆಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಊಟದ ಹೊತ್ತಿಗೆ ಹೆಂಡತಿಗೆ ಸಿಸ್ಟರ್ ಕಾರಿನ ವಿಷಯ ಹೇಳಿದೆ. ಜಾಯಿಂಟು ನನ್ನದೆಂದೂ ಹೇಳಿದೆ. ಆಕೆ ತಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು, “ಹಾಗಾದ್ರೆ ಆ ವ್ಯಾನಿಂದು?”

“ಯಾರಿಗೆ ಗೊತ್ತು? ಸುಟ್ಟುಹೋಗಿತ್ತಲ್ಲ.”

“ನಿಮ್ಗೆ ಅವತ್ತು ಗೊತ್ತಿತ್ತಾ?”

“ಇಲ್ಲ ಕಣೇ” ಎಂದೆ.

ಮಾರ್ಚ್ 22, ಶನಿವಾರ

ಗುರುವಾರ ಬರೆದದ್ದು ಸುಳ್ಳು. ಯಾರೂ ಓದದ ಡೈರಿಯಲ್ಲೂ ಸುಳ್ಳು ಬರೆದಿದ್ದೇನೆ. ಆ ಹಾಳೆ ಹರಿಯಬೇಕೆಂದು ಕೈ ಹಾಕಿದೆ. ಹರಿಯಲಿಲ್ಲ. ಇರಲಿ.

ವ್ಯಾನನ್ನು ಎಳೆದು ತಂದು ಅಂಗಡಿಯ ಹಿಂದೆ ನಿಲ್ಲಿಸಿದ್ದರು. ಡ್ರೈವರ್ ಬಂದು ಕೂಗುವುದಕ್ಕೆ ಒಂದು ಗಂಟೆ ಮುಂಚೆ ನಾನೊಬ್ಬನೇ ಹೋಗಿ ನೋಡಿದ್ದೆ. ಹೊಗೆ ಎದ್ದದ್ದು ವೈಪರಿನ ವೈರಿನಿಂದ. ಆ ಜಾಯಿಂಟು ನಾನು ಮಾಡಿದ್ದು, ಬಾಮೈದ ಊಟಕ್ಕೆ ಹೋಗಿದ್ದಾಗ, ಸಂಜೆಯೊಳಗೆ ವ್ಯಾನು ಕೊಡಬೇಕೆಂಬ ಆತುರದಲ್ಲಿ. ಟೇಪು ಸುಟ್ಟಿತ್ತು, ತಂತಿ ಸುಟ್ಟಿರಲಿಲ್ಲ. ತಾಮ್ರ ಕಪ್ಪಾಗಿತ್ತು, ಸುರುಳಿ ಹಾಗೇ ಇತ್ತು. ಎಡಕ್ಕೆ.

ಕಟಿಂಗ್ ಪ್ಲೇಯರಿನಲ್ಲಿ ಎರಡೂ ಕಡೆ ಕತ್ತರಿಸಿ ಆ ತುಂಡನ್ನು ಜೇಬಿಗೆ ಹಾಕಿಕೊಂಡೆ. ಬಾಮೈದನ ಕೆನ್ನೆಗೆ ಏಟು ಬಿದ್ದಾಗ ಅದು ನನ್ನ ಜೇಬಿನಲ್ಲೇ ಇತ್ತು. ಸಂಜೆ ಮನೆಗೆ ಹೋಗುವಾಗ ಚರಂಡಿಗೆ ಎಸೆದೆ.

ಇದನ್ನು ಆರು ವರ್ಷದಲ್ಲಿ ನನಗೆ ನಾನೇ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಜೇಬಿನ ವಿಷಯವನ್ನೂ ಹೇಳಿದೆ.

ಕಿರುಚುತ್ತಾಳೆ ಎಂದುಕೊಂಡಿದ್ದೆ. ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು.

“ಆರು ವರ್ಷ ನಾನು ಅವನ ಮನೆಗೆ ಕದ್ದು ಹೋಗಿ ಬರ್ತಿದ್ದೆ” ಎಂದಳು. “ನಿಮ್ಗೆ ಬೇಜಾರಾಗುತ್ತೆ ಅಂತ. ಹೋದಾಗೆಲ್ಲ ಅವನಿಗೆ ಬುದ್ಧಿ ಹೇಳ್ತಿದ್ದೆ ಕಣ್ರೀ. ಮಕ್ಕಳ ಜೀವದ ಜೊತೆ ಆಟ ಆಡಿದ್ಯಲ್ಲೋ ಅಂತ. ನಾನು ಹೇಳ್ತಿದ್ದೆ.”

ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

“ಅವನಿಗೆ ನಾನು ಹೇಳಲ್ಲ. ನೀವೇ ಹೋಗಿ ಹೇಳ್ಬೇಕು. ಹೇಳೋವರ್ಗೂ ನನ್ನ ಹತ್ರ ಮಾತಾಡ್ಬೇಡಿ.”

ಮಾರ್ಚ್ 24

ಹೋಗಲಿಲ್ಲ.

ಮಾರ್ಚ್ 25

ಅವನು ಕೆಲಸ ಮಾಡುವ ಪಾರ್ಸೆಲ್ ಗೋದಾಮಿನ ಗೇಟಿನವರೆಗೆ ಹೋಗಿ ವಾಪಸು ಬಂದೆ. ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ತಟ್ಟೆ ಇಟ್ಟು ಒಳಗೆ ಹೋದಳು.

ಮಾರ್ಚ್ 26, ಬುಧವಾರ

ಇವತ್ತು ಒಳಗೆ ಹೋದೆ. ಬಾಮೈದ ತನ್ನ ಡೆಲಿವರಿ ವ್ಯಾನಿಗೆ ಡಬ್ಬಗಳನ್ನು ಜೋಡಿಸುತ್ತಿದ್ದ. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಒಂದೊಂದರ ವಿಳಾಸ ಹೊರಗೆ ಕಾಣುವ ಹಾಗೆ. ಅದೇ ನಿಧಾನ. ಕೂದಲು ಅರ್ಧ ನೆರೆತಿದೆ. ನನ್ನನ್ನು ಕಂಡು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟ.

“ಏನ್ ಭಾವ? ಅಕ್ಕ ಹುಷಾರಾಗಿದ್ದಾಳಾ?” ಎಂದ. ಮುಖದಲ್ಲಿ ಗಾಬರಿ. ನಾನು ಅವನ ಹತ್ತಿರ ಬರಬೇಕಾದರೆ ಸಾವಾದರೂ ಆಗಿರಬೇಕು ಎಂದುಕೊಂಡಿದ್ದಾನೆ.

“ಹುಷಾರಾಗಿದ್ದಾಳೆ. ಬೇರೆ ವಿಷಯ” ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. “ಆ ಶಾಲೆ ವ್ಯಾನು ಸುಟ್ಟಿದ್ದು ನನ್ನ ಜಾಯಿಂಟಿಂದ. ನಿನ್ನದಲ್ಲ. ನಂಗೆ ಅವತ್ತೇ ಗೊತ್ತಿತ್ತು.”

ಅವನು ವ್ಯಾನಿನ ಅಂಚಿನ ಮೇಲೆ ಕುಳಿತುಕೊಂಡ.

“ಆ ವ್ಯಾನಲ್ಲಿ ನಾನು ಹದಿನಾಲ್ಕು ಜಾಯಿಂಟ್ ಮಾಡಿದ್ದೆ ಭಾವ. ಒಂದೊಂದೂ ನೆನಪಿದೆ. ಮಲಗಿದಾಗೆಲ್ಲ ಎಣಿಸ್ತೀನಿ. ಯಾವುದ್ರಲ್ಲಿ ಬೆಸುಗೆ ಹಿಡ್ದಿರ್ಲಿಲ್ಲ ಅಂತ ಮಾತ್ರ ಗೊತ್ತಾಗ್ತಾನೇ ಇರ್ಲಿಲ್ಲ.”

“ಹದಿನೈದನೇದು ನಾನು ಮಾಡಿದ್ದು. ವೈಪರಿಂದು. ನೀನು ಊಟಕ್ಕೆ ಹೋಗಿದ್ದೆ.”

“ಊಟಕ್ಕೆ” ಎಂದ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. “ಈಗ ಮನೇಲಿ ಫ್ಯಾನ್ ಕೆಟ್ರೂ ಬೇರೆಯವ್ರನ್ನ ಕರೀತೀನಿ. ಮಗಳು ನಗ್ತಾಳೆ. ಅಪ್ಪಂಗೆ ಒಂದು ಸ್ಕ್ರೂ ಹಾಕೋಕೂ ಬರಲ್ಲ ಅಂತ.”

“ತಪ್ಪಾಯ್ತು” ಎಂದೆ. ಎಷ್ಟು ಸಣ್ಣ ಮಾತು. ಕಾಲು ತುಳಿದವರೂ ಅದನ್ನೇ ಹೇಳುತ್ತಾರೆ.

ಅವನು ಎದ್ದು ಮತ್ತೆ ಡಬ್ಬ ಎತ್ತಿಕೊಂಡ. “ನಂಗೇನೂ ಹೇಳ್ಬೇಡಿ. ಆ ಡ್ರೈವರ್ ಹತ್ರ ಹೋಗಿ. ನಾನು ಎರಡು ಸಲ ಅವರ ಮನೆಗೆ ಹೋಗಿ ಕ್ಷಮಿಸಿ ಅಂತ ಕೇಳ್ಕೊಂಡು ಬಂದಿದ್ದೀನಿ. ಎರಡನೇ ಸಲ ಅವ್ರು ಬಾಗಿಲೇ ತೆಗೀಲಿಲ್ಲ.” ಡಬ್ಬವನ್ನು ಅದರ ಜಾಗದಲ್ಲಿಟ್ಟು, ವಿಳಾಸ ಹೊರಗೆ ಕಾಣುವ ಹಾಗೆ ತಿರುಗಿಸಿದ. “ಹೋಗಿ ಭಾವ. ನನ್ನ ಗಾಡಿ ಹೊರಡೋ ಹೊತ್ತಾಯ್ತು.”

ಮಾರ್ಚ್ 27, ಗುರುವಾರ

ಸಿಸ್ಟರಿಗೆ ಫೋನು ಮಾಡಿ ಆ ಜಾಯಿಂಟು ನನ್ನದು, ಬಾಮೈದನದಲ್ಲ ಎಂದೆ. ಅವನ ಕೆಲಸವೆಲ್ಲ ಗಟ್ಟಿಯಾಗಿದೆ ಎಂದೂ ಹೇಳಿದೆ.

“ಹೇಳಿದ್ದು ಒಳ್ಳೇದಾಯ್ತು” ಎಂದರು. ಆಮೇಲೆ, “ಆ ಮುದುಕರು ಸೋಮವಾರ ಹೋಗಿಬಿಟ್ರು. ಹೋಗುವಾಗ ನೋವಿರ್ಲಿಲ್ಲ. ಸರಿಯಾದ ಹೊತ್ತಿಗೆ ಹೋಗಿದ್ದೆ” ಎಂದರು.

ನನಗೆ ಸಮಾಧಾನವಾಗಲೆಂದು ಹೇಳಿದರೋ ಏನೋ. ಬೆಡ್‌ಶೀಟು ಕಚ್ಚಿಕೊಂಡ ಆ ಎರಡು ಗಂಟೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಎದುರಿನ ಟೈರಿನವನಿಗೂ ವ್ಯಾನಿನ ನಿಜ ಹೇಳಿದೆ. ಅವತ್ತು ಬಾಮೈದನಿಗೆ ಏಟು ಬಿದ್ದಾಗ ಅವನೂ ನೋಡುತ್ತಾ ನಿಂತಿದ್ದವನೇ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ತಮಾಷೆಯ ಮಾತೊಂದೂ ಹೊಳೆಯಲಿಲ್ಲ.

ಮಾರ್ಚ್ 30, ಭಾನುವಾರ

ಡ್ರೈವರ್ ಈಗ ಡ್ರೈವರಲ್ಲ. ಬಲಗೈಯ ಬೆರಳು ಮಡಚುವುದಿಲ್ಲ, ಒಂದು ಕಟ್ಟಡದ ಗೇಟು ಕಾಯುತ್ತಾನೆ. ಭಾನುವಾರ ರಜೆ ಎಂದು ತಿಳಿದುಕೊಂಡು ಬೆಳಿಗ್ಗೆ ಮನೆಗೆ ಹೋದೆ. ಎರಡನೇ ಮಹಡಿಯ ಒಂದು ಕೋಣೆಯ ಮನೆ. ಗುರುತು ಹಿಡಿದ. ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ, ಜೇಬಿಗೆ ಹಾಕಿಕೊಂಡದ್ದನ್ನೂ, ಚರಂಡಿಗೆ ಎಸೆದದ್ದನ್ನೂ.

ನನಗೂ ಒಂದು ಏಟು ಬೀಳಬಹುದೆಂದು ಹೋಗಿದ್ದೆ. ಬಿದ್ದಿದ್ದರೆ ಸುಲಭವಾಗುತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿ ನಿಂತ.

“ಹಾಗಾದ್ರೆ ನಾನು ಹೊಡ್ದಿದ್ದು?” ಎಂದ.

ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದುಕೊಂಡ.

“ಅಷ್ಟು ಜನರ ಮುಂದೆ ಹೊಡ್ದೆ. ಆಮೇಲೆ ಆ ಹುಡುಗ ಮನೆ ಬಾಗಿಲಿಗೆ ಬಂದು ನಿಂತ. ಒಳಗೇ ಇದ್ದೆ ನಾನು. ಬಾಗಿಲು ತೆಗೀಬೇಡ ಅಂತ ಇವಳಿಗೆ ಹೇಳ್ದೆ.” ಒಲೆಯ ಹತ್ತಿರ ನಿಂತಿದ್ದ ಹೆಂಡತಿಯ ಕಡೆ ನೋಡಿದ. “ಶರ್ಟ್ ಕೊಡೇ.”

ಆಕೆ ಬಂದು ಒಂದೊಂದಾಗಿ ಗುಂಡಿ ಹಾಕಿದಳು. ಅವನಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಆಕೆಯೇ ಹಾಕುತ್ತಿರಬೇಕು. ಐದು ಗುಂಡಿ. ನಾನು ನೆಲ ನೋಡುತ್ತಾ ನಿಂತಿದ್ದೆ.

“ನಡೀರಿ, ಅವನ ಮನೆ ತೋರಿಸಿ” ಎಂದ.

ಬಸ್ಸಿನಲ್ಲಿ ಹೋದೆವು. ಪಕ್ಕಪಕ್ಕದ ಸೀಟು, ಒಂದು ಮಾತಿಲ್ಲ. ನನಗೂ ಆ ಮನೆ ಸರಿಯಾಗಿ ಗೊತ್ತಿರಲಿಲ್ಲ. ಬಸ್ಸಿಳಿದು ಹೆಂಡತಿಗೆ ಫೋನು ಮಾಡಿ ದಾರಿ ಕೇಳಿದೆ. ಯಾಕೆ, ಏನು ಎನ್ನದೆ ಒಂದೊಂದು ತಿರುವನ್ನೂ ಹೇಳಿದಳು.

ಬಾಗಿಲು ತೆಗೆದವನು ಬಾಮೈದನೇ. ಮೊದಲು ಡ್ರೈವರನ್ನು ನೋಡಿದ, ಆಮೇಲೆ ನನ್ನನ್ನು. ಡ್ರೈವರ್ ಮಡಚದ ಆ ಕೈಯನ್ನು ಮುಂದೆ ಚಾಚಿದ. ಬಾಮೈದ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಎಷ್ಟು ಗಟ್ಟಿ ಹಿಡಿಯಬಹುದೋ ತಿಳಿಯದವನ ಹಾಗೆ ಹಿಡಿದುಕೊಂಡಿದ್ದ.

“ಒಳಗೆ ಬನ್ನಿ” ಎಂದ. ಯಾರಿಗೆ ಹೇಳಿದ್ದೆಂದು ತಿಳಿಯದೆ ನಾನು ಹೊಸ್ತಿಲಾಚೆಯೇ ನಿಂತೆ.

ಬಾಮೈದ ಒಳಗೆ ತಿರುಗಿ ಮಗಳನ್ನು ಕರೆದ. “ಮೂರು ಲೋಟ ನೀರು ತಗೊಂಡು ಬಾಮ್ಮ. ನಿಮ್ಮ ಮಾವನೂ ಬಂದಿದ್ದಾರೆ.”

ಚಪ್ಪಲಿ ಬಿಟ್ಟು ಒಳಗೆ ಹೋದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತೆ. ಬಾಮೈದ ನನ್ನ ಜೊತೆ ಮಾತಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವರಿಬ್ಬರೂ ವ್ಯಾನಿಗೆ ಬೆಂಕಿ ಹತ್ತಿದ ದಿನದ ವಿಷಯ ಮಾತಾಡಿದರು. ಮೊದಲು ಯಾವ ಮಗು ಇಳಿಯಿತು, ಯಾವುದು ಅತ್ತಿತು, ಯಾವುದು ಚೀಲ ಬೇಕೆಂದು ಹಠ ಮಾಡಿತು ಎಂದು ಡ್ರೈವರ್ ಹೇಳಿದ. ಆರು ವರ್ಷದಲ್ಲಿ ಇದನ್ನು ನಾನು ಯಾರಿಂದಲೂ ಕೇಳಿರಲಿಲ್ಲ, ಕೇಳಬೇಕೆಂದು ಹೋಗಿಯೂ ಇರಲಿಲ್ಲ. ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಅವರು ಮುಗಿಸುವವರೆಗೂ ಕೇಳುತ್ತಾ ಕುಳಿತಿದ್ದೆ.